ಕಿಸೆಯ ಸಾಮಾನು, ಬಿಟ್ಟಿ ಜಾಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯಿಂದ ಹೊರಡುವಾಗ ದಿನಾ ಜೊತೆಗಿರುವ ಟಾರ್ಚು, ಚಾಕು, ಪವರ್‌ಬ್ಯಾಂಕು, ಕೀಲಿಗೊಂಚಲುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ, ಆ ಸಾಮಾನಿನ ಫೋಟೊ ಹಾಕಿಕೊಳ್ಳುವ ಫೇಸ್‌ಬುಕ್, ವಾಟ್ಸ್‌ಆ್ಯಪ್ ಗುಂಪುಗಳ ತಾಪತ್ರಯಗಳೇ. ಹಾಗಾಗಿ ಎರಡಕ್ಕೂ ಒಟ್ಟಿಗೇ ಉತ್ತರ.

ಪ್ರ: ನಮ್ಮ ಗುಂಪಿನಲ್ಲಿ ಕಿಸೆಯಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದು ಫೋಟೊ ಹಾಕುವ ರೂಢಿ ಇದೆ. ಕೀಲಿಗೊಂಚಲು ಕಾಣಬಾರದು ಎಂದು ಒಬ್ಬರು ತಕರಾರು ತೆಗೆದಿದ್ದಾರೆ. ಬರೀ ಫೋಟೊ ನೋಡಿ ಕೀಲಿ ಮಾಡಲು ಆಗುತ್ತದೆಯೇ?
— ಮೈಸೂರು

ಉ: ಆಗುತ್ತದೆ. ತಕರಾರು ತೆಗೆದವರಿಗೆ ಒಂದು ಕಾಫಿ ಕೊಡಿಸಿ. ಕೀಲಿಯ ಗುಟ್ಟೆಲ್ಲ ಅದರ ಕಚ್ಚುಗಳ ಆಳದಲ್ಲಿದೆ. ಸಾಮಾನ್ಯ ಬಾಗಿಲ ಬೀಗದ ಕೀಲಿಯಲ್ಲಿ ಐದೋ ಆರೋ ಕಚ್ಚು. ಒಂದೊಂದು ಕಚ್ಚಿಗೂ ಬೀಗದ ಕಂಪನಿ ಮೊದಲೇ ಗೊತ್ತುಮಾಡಿದ ಕೆಲವೇ ಆಳಗಳು. ಹಾಗಾಗಿ ಆ ಕೀಲಿಯನ್ನು ಐದಾರು ಅಂಕಿಯ ಒಂದು ಸಂಖ್ಯೆಯಾಗಿ ಬರೆದಿಡಬಹುದು, ಆ ಸಂಖ್ಯೆ ಹಿಡಿದು ಹೊಸ ಕೀಲಿ ಕತ್ತರಿಸಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕ್ಯಾಂಪಸ್ಸಿನ ಸಂಶೋಧಕರು 2008ರಲ್ಲಿ ಕಟ್ಟಡದ ತಾರಸಿಯಿಂದ ಸುಮಾರು 195 ಅಡಿ ದೂರದಲ್ಲಿದ್ದ ಕೀಲಿಯ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಕಚ್ಚುಗಳನ್ನು ಓದಿ ತೋರಿಸಿದ್ದಾರೆ. ನೀವು ತೆಗೆಯುವುದು ಒಂದಡಿ ದೂರದಿಂದ, ಒಳ್ಳೆಯ ಬೆಳಕಿನಲ್ಲಿ, ನೇರ ಮೇಲಿನಿಂದ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವೂ ಬಿದ್ದಿರುತ್ತದೆ. ಅಳತೆಪಟ್ಟಿಯನ್ನೂ ನೀವೇ ಇಟ್ಟುಕೊಟ್ಟ ಹಾಗಾಯಿತು.

ಲಿವರ್ ಇರುವ ದಪ್ಪ ಬೀಗದ ಕೀಲಿಗೂ ಇದೇ ಮಾತು. ಅದರ ಮೆಟ್ಟಿಲುಗಳು ಇನ್ನೂ ಸ್ಪಷ್ಟವಾಗಿ ಕಾಣುತ್ತವೆ. ಬೈಕಿನ ಕೀಲಿಯ ಜೊತೆ ಕೆಲವೊಮ್ಮೆ ಬರುವ ತಗಡಿನ ಬಿಲ್ಲೆಯ ಮೇಲಿನ ನಂಬರು ಇನ್ನೂ ಅಪಾಯ, ಆ ನಂಬರೇ ಕೀಲಿಯ ಅಳತೆ. ಅದನ್ನು ಗೊಂಚಲಿನಿಂದ ತೆಗೆದು ಮನೆಯ ಕಾಗದಪತ್ರಗಳ ಜೊತೆ ಇಡಿ.

ಫೋಟೊ ಬೇಕೇ ಬೇಕೆಂದಿದ್ದರೆ ಕೀಲಿಯ ಹಲ್ಲಿನ ಭಾಗವನ್ನು ಕರವಸ್ತ್ರದಡಿ ತಳ್ಳಿ, ತಲೆ ಮಾತ್ರ ಕಾಣಲಿ. ಆಮೇಲೆ ಮೊಬೈಲಿನಲ್ಲಿ ಮಸುಕು ಮಾಡುವುದಕ್ಕಿಂತ ಇದು ವಾಸಿ. ತೆಳುವಾದ ಮಸುಕಿನಡಿಯಲ್ಲೂ ಕಚ್ಚಿನ ಏರಿಳಿತ ಉಳಿದಿರುತ್ತದೆ. ಆಧಾರ್ ಕಾರ್ಡಿನ ಕ್ಯೂಆರ್ ಕೋಡ್, ವಿಮಾನದ ಬೋರ್ಡಿಂಗ್ ಪಾಸಿನ ಬಾರ್‌ಕೋಡ್, ಕಚೇರಿಯ ಗುರುತಿನ ಚೀಟಿ ಇವೂ ಚಿತ್ರದಲ್ಲಿ ಬೇಡ. ಬೋರ್ಡಿಂಗ್ ಪಾಸಿನಲ್ಲಿರುವ ಪಿಎನ್‌ಆರ್ ಮತ್ತು ಅಡ್ಡಹೆಸರು ಎರಡಿದ್ದರೆ ಎಷ್ಟೋ ವಿಮಾನ ಕಂಪನಿಗಳ ಜಾಲತಾಣದಲ್ಲಿ ನಿಮ್ಮ ಬುಕಿಂಗ್ ತೆರೆದುಕೊಳ್ಳುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ವಿಷಯ, ಚಿತ್ರದ ಕಡತದೊಳಗೆ ಕೂರುವ ಜಾಗದ ವಿವರ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆನ್ ಇದ್ದರೆ ಅಕ್ಷಾಂಶ ರೇಖಾಂಶ ಚಿತ್ರದ ಜೊತೆಯೇ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಉದುರಿಹೋಗುತ್ತದೆ. ಆದರೆ ಗುಣಮಟ್ಟ ಕೆಡಬಾರದೆಂದು ‘ಡಾಕ್ಯುಮೆಂಟ್’ ಆಗಿ ಕಳಿಸುವವರಿದ್ದಾರಲ್ಲ, ಅವರ ಚಿತ್ರದಲ್ಲಿ ಹಾಗೇ ಉಳಿಯುತ್ತದೆ. ಗೂಗಲ್ ಡ್ರೈವ್ ಕೊಂಡಿ ಕೊಟ್ಟರೂ ಅಷ್ಟೇ. ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿಬಿಡಿ. ಹಳೆಯ ಚಿತ್ರ ಹಂಚುವುದಿದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆದು ಹಂಚಿ.

ಪ್ರ: 20,000 ಎಂಎಎಚ್ ಎಂದು ಬರೆದ ಪವರ್‌ಬ್ಯಾಂಕ್ ಕೊಂಡೆ. ನನ್ನ ಫೋನಿನ ಬ್ಯಾಟರಿ 5,000. ನಾಲ್ಕು ಸಲ ಚಾರ್ಜ್ ಆಗಬೇಕಿತ್ತು, ಎರಡೂವರೆ ಸಲಕ್ಕೇ ಮುಗಿಯುತ್ತದೆ. ಮೋಸವೇ? ಇದನ್ನು ವಿಮಾನದಲ್ಲಿ ಒಯ್ಯಬಹುದೇ?
— ಕಲಬುರಗಿ

ಉ: ಎರಡೂವರೆ ಬಂದರೆ ಮೋಸ ಆಗಿಲ್ಲ. 20,000 ಎಂಬುದು ಒಳಗಿನ ಸೆಲ್ಲಿನ ಲೆಕ್ಕ, ಅದೂ 3.7 ವೋಲ್ಟಿನಲ್ಲಿ. ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್-ಅವರ್, ಅದೇ ಒಳಗಿನ ಒಟ್ಟು ಶಕ್ತಿ. ಹೊರಗೆ ಬರುವುದು 5 ವೋಲ್ಟಿನಲ್ಲಿ. ಅದಕ್ಕೆ ಪರಿವರ್ತಿಸಿದರೆ 14,800 ಎಂಎಎಚ್. ಪರಿವರ್ತನೆಯಲ್ಲಿ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಕೈಗೆ ಸಿಗುವುದು 12,000ರಿಂದ 13,000. ಫೋನೂ ತನ್ನ ಪಾಲಿನ ನಷ್ಟ ಮಾಡಿಕೊಂಡೇ ಚಾರ್ಜ್ ಆಗುತ್ತದೆ. ಎರಡೂವರೆಯಿಂದ ಮೂರು ಸಲ ಬಂದರೆ ಸರಿಯಾದ ಮಾಲು. ಡಬ್ಬದ ಹಿಂದೆ ಸಣ್ಣಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಎಂದು ಇನ್ನೊಂದು ಅಂಕಿ ಇರುತ್ತದೆ. ಕೊಳ್ಳುವಾಗ ನೋಡಬೇಕಾದ್ದು ಅದನ್ನು.

ನಿಜವಾದ ಮೋಸ ಹಿಡಿಯಲು ತಕ್ಕಡಿ ಸಾಕು. ಲಿಥಿಯಂ ಸೆಲ್ಲಿನಲ್ಲಿ ಒಂದು ಕಿಲೋ ತೂಕಕ್ಕೆ ಸುಮಾರು 250 ವ್ಯಾಟ್-ಅವರ್ ಹಿಡಿದರೆ ಅದೇ ಹೆಚ್ಚು. 74ಕ್ಕೆ ಸೆಲ್ಲೇ 300 ಗ್ರಾಂ ತೂಗಬೇಕು, ಮೇಲೆ ಕವಚ, ಸರ್ಕ್ಯೂಟು. ಜಾತ್ರೆಯಲ್ಲೋ ಫುಟ್‌ಪಾತಿನಲ್ಲೋ ಸಿಗುವ ‘20,000’ ಕಾಲು ಕಿಲೋ ಕೂಡ ತೂಗದಿದ್ದರೆ ಒಳಗೆ ಅಷ್ಟು ಇಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿಯ ಆರ್ ಅಕ್ಷರ ಮತ್ತು ಎಂಟು ಅಂಕಿಯ ಸಂಖ್ಯೆ ಮೈಮೇಲಿರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರ ಹೆಸರಿನಲ್ಲಿದೆ ಎಂದು ಬರುತ್ತದೆ. ಡಬ್ಬದ ಮೇಲಿನ ಹೆಸರಿಗೂ ಅದಕ್ಕೂ ತಾಳೆಯಾಗದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ವಿಮಾನಕ್ಕೆ 100 ವ್ಯಾಟ್-ಅವರ್‌ವರೆಗೆ ಅಡ್ಡಿಯಿಲ್ಲ, ನಿಮ್ಮದು 74. ಆದರೆ ಕೈಚೀಲದಲ್ಲಿ ಮಾತ್ರ. ಚೆಕ್-ಇನ್ ಪೆಟ್ಟಿಗೆಯಲ್ಲಿ ಯಾವ ಅಳತೆಯದ್ದೂ ಕೂಡದು. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅಂಕಿ ಅಳಿಸಿಹೋದ ಹಳೆಯ ಪವರ್‌ಬ್ಯಾಂಕನ್ನು ತಪಾಸಣೆಯವರು ತೆಗೆದಿಟ್ಟುಕೊಂಡರೆ ವಾದ ಮಾಡಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ, ಆದ್ದರಿಂದ ಆ ಅಕ್ಷರಗಳ ಮೇಲೊಂದು ಪಾರದರ್ಶಕ ಟೇಪು ಅಂಟಿಸಿಡಿ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರಿನ ಡಿಕ್ಕಿಯೊಳಗೆ ಬಿಡಬೇಡಿ. ಉಬ್ಬಿದ್ದು ಕಂಡರೆ ಚಾರ್ಜಿಗೆ ಹಾಕದೆ, ಚುಚ್ಚದೆ, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ.

ಪ್ರ: ಸ್ಕೂಟರ್ ಕೀಲಿಗೇ ಮನೆ, ಅಂಗಡಿ, ಬೀರು ಎಲ್ಲ ಕೀಲಿ ಸೇರಿಸಿದ್ದೇನೆ. ಏನಾದರೂ ತೊಂದರೆಯೇ?
— ತುಮಕೂರು

ಉ: ಗಾಡಿ ಕುಲುಕಿದಂತೆಲ್ಲ ಆ ಭಾರ ಇಗ್ನಿಷನ್ ಬೀಗವನ್ನು ಸವೆಸುತ್ತದೆ, ಕೊನೆಗೆ ಕೀಲಿ ತಿರುಗದೆ ಕಾಡುತ್ತದೆ. ಎರಡು ಉಂಗುರ, ನಡುವೆ ಒಂದು ಬಿಚ್ಚುವ ಕೊಂಡಿ. ಗಾಡಿಯಲ್ಲಿ ಗಾಡಿಯದ್ದೊಂದೇ ಇರಲಿ.

ಪ್ರ: ಎಂಟು ವರ್ಷದಿಂದ ನಡೆಸುತ್ತಿದ್ದ ನಮ್ಮ ಟಾರ್ಚು, ಚಾಕುಗಳ ಫೇಸ್‌ಬುಕ್ ಗುಂಪು ರಾತ್ರೋರಾತ್ರಿ ಮಾಯವಾಯಿತು. ‘ನಿಯಮ ಉಲ್ಲಂಘನೆ’ ಎಂಬ ಒಂದು ಸಾಲು ಬಿಟ್ಟರೆ ಕಾರಣ ಇಲ್ಲ. ಸಾಣೆ ಹಿಡಿಯುವುದು, ದುರಸ್ತಿ ಇವುಗಳ ಬಗ್ಗೆ ಸಾವಿರಾರು ಬರಹಗಳಿದ್ದವು. ವಾಪಸು ಪಡೆಯುವುದು ಹೇಗೆ?
— ಹುಬ್ಬಳ್ಳಿ

ಉ: ಮೊದಲು ಏನಾಗಿರಬಹುದು ಎಂಬುದನ್ನು ಹೇಳುತ್ತೇವೆ. ಆಯುಧ ಮಾರಾಟಕ್ಕೆ ಫೇಸ್‌ಬುಕ್‌ನಲ್ಲಿ ಅವಕಾಶವಿಲ್ಲ. ಇಂಥ ನಿಯಮವನ್ನು ಕಾಯುವುದು ಹೆಚ್ಚಾಗಿ ಯಂತ್ರ. ಅದಕ್ಕೆ ಚಾಕುವಿನ ಚಿತ್ರ ಮತ್ತು ಪಕ್ಕದಲ್ಲಿ ‘ಬೆಲೆ’, ‘ಬೇಕಿದ್ದರೆ ಹೇಳಿ’ ಎಂಬ ಮಾತು ಸಿಕ್ಕರೆ ಸಾಕು. ಹಲಸಿನಹಣ್ಣು ಬಿಡಿಸುವ ಕತ್ತಿಯೋ ಇರಿಯುವ ಕಠಾರಿಯೋ ಎಂಬ ವಿವೇಚನೆ ಬಲು ಕಡಿಮೆ. ಸದಸ್ಯರು ಹಳೆಯ ಸಾಮಾನು ಮಾರಿಕೊಳ್ಳುವ ಪೋಸ್ಟುಗಳು ನಿಮ್ಮಲ್ಲಿದ್ದರೆ ಅನುಮಾನ ಮೊದಲು ಅಲ್ಲಿಗೇ.

ಮಾಡಬೇಕಾದ್ದು ಇಷ್ಟು. ಗುಂಪಿನ ವಿಳಾಸ, ಬಂದ ನೋಟಿಸಿನ ಸ್ಕ್ರೀನ್‌ಶಾಟ್, ಅಡ್ಮಿನ್‌ಗಳ ಖಾತೆ, ತಾರೀಖು ಒಂದೆಡೆ ಬರೆದಿಡಿ. ನೋಟಿಸಿನಲ್ಲೇ ಮರುಪರಿಶೀಲನೆಯ ಗುಂಡಿ ಇದ್ದರೆ ಒತ್ತಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. 2021ರ ಐಟಿ ನಿಯಮಗಳ ಪ್ರಕಾರ ಇಂಥ ದೊಡ್ಡ ಜಾಲತಾಣದ ಕಂಪನಿಗೆ ಭಾರತದಲ್ಲಿ ದೂರು ಕೇಳುವ ಅಧಿಕಾರಿ ಇರಲೇಬೇಕು. ಅವರಿಗೆ ದೂರು ಕೊಟ್ಟ 24 ಗಂಟೆಯೊಳಗೆ ಸ್ವೀಕೃತಿ ಬರಬೇಕು. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ, ಅಂದರೆ ಜಿಎಸಿಗೆ, ಹೋಗಬಹುದು. ಆನ್‌ಲೈನಿನಲ್ಲೇ, ವಕೀಲರಿಲ್ಲದೆ. ಮನವಿಯಲ್ಲಿ ‘ಅನ್ಯಾಯವಾಗಿದೆ’ ಎಂದು ಪುಟಗಟ್ಟಲೆ ಬರೆಯುವುದಕ್ಕಿಂತ ‘ಇಲ್ಲಿ ಮಾರಾಟವಿಲ್ಲ, ಅಡುಗೆ ಮತ್ತು ತೋಟದ ಉಪಕರಣಗಳ ದುರಸ್ತಿ ಚರ್ಚೆ ಮಾತ್ರ’ ಎಂಬ ಎರಡು ಸಾಲು, ಅದಕ್ಕೆ ನಾಲ್ಕು ಉದಾಹರಣೆ ಕೊಡಿ. ಅದು ನಿಜವಾಗಿದ್ದರೆ.

ಗುಂಪು ಮರಳಿ ಬರುತ್ತದೆಂಬ ಭರವಸೆ ನಾವು ಕೊಡಲಾರೆವು. ಬಂದರೂ ಬಾಡಿಗೆ ಮನೆ, ಅದೂ ಕರಾರಿಲ್ಲದ ಬಾಡಿಗೆ. ಗೂಗಲ್‌ನ ಜಾಲತಾಣ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಹೋಯಿತು, ಅದಕ್ಕೂ ಮೊದಲೇ ಹಳೆಯ ಪತ್ರಗಳನ್ನು ಅಳಿಸಿತ್ತು. ಬೆಂಗಳೂರಿನ ಜಾಲತಾಣ ‘ಕೂ’ 2020ರಲ್ಲಿ ಮೊದಲು ಶುರುವಾದದ್ದೇ ಕನ್ನಡದಲ್ಲಿ. 2024ರ ಜುಲೈಯಲ್ಲಿ ಮುಚ್ಚಿತು. ನಿಮ್ಮ ಹವ್ಯಾಸದವರಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಬಹುಶಃ ಫೋಟೊಬಕೆಟ್‌ನಿಂದ. ಜಗತ್ತಿನ ಎಷ್ಟೋ ಚಾಕು, ಟಾರ್ಚು, ವಾಚುಗಳ ವೇದಿಕೆಗಳ ಚಿತ್ರಗಳು ಆ ಬಿಟ್ಟಿ ತಾಣದಲ್ಲಿದ್ದವು. ಬೇರೆ ತಾಣಗಳಲ್ಲಿ ಚಿತ್ರ ಕಾಣಬೇಕಾದರೆ ವರ್ಷಕ್ಕೆ 399 ಡಾಲರ್ ಕೊಡಿ ಎಂದು 2017ರಲ್ಲಿ ಅದು ಹೇಳಿದ್ದೇ ತಡ, ‘ಮೂರನೇ ಚಿತ್ರದಲ್ಲಿ ತೋರಿಸಿದ ಸ್ಕ್ರೂ ಬಿಚ್ಚಿ’ ಎಂಬ ಬರಹ ಉಳಿಯಿತು, ಮೂರನೇ ಚಿತ್ರ ಹೋಯಿತು.

ಆದ್ದರಿಂದ ಈಗ ಉಳಿದ ಸದಸ್ಯರಿಗೆಲ್ಲ ಹೇಳಿ, ತಂತಮ್ಮ ಖಾತೆಯ ಮಾಹಿತಿಯನ್ನು ಇಳಿಸಿಕೊಳ್ಳಲಿ. ಫೇಸ್‌ಬುಕ್‌ನ ಅಕೌಂಟ್ಸ್ ಸೆಂಟರ್‌ನಲ್ಲಿ ‘ನಿಮ್ಮ ಮಾಹಿತಿ ಮತ್ತು ಅನುಮತಿಗಳು’ ಎಂಬಲ್ಲಿ ಆ ದಾರಿ ಇದೆ. ಒಬ್ಬರ ಕಡತದಲ್ಲಿ ಅವರದೇ ಪೋಸ್ಟು, ಕಾಮೆಂಟು ಬರುತ್ತವೆಯೇ ಹೊರತು ಬೇರೆಯವರದ್ದು ಬರುವುದಿಲ್ಲ. ಹತ್ತು ಜನ ಇಳಿಸಿ ಕೂಡಿಸಿದರೆ ಮಾತ್ರ ಚರ್ಚೆ ಚರ್ಚೆಯಾಗಿ ಸಿಗುತ್ತದೆ. ಅವಧಿ ಕೇಳುವಲ್ಲಿ ‘ಎಲ್ಲ ಕಾಲ’, ಚಿತ್ರದ ಗುಣಮಟ್ಟ ‘ಹೆಚ್ಚು’ ಎಂದು ಕೈಯಾರೆ ಆರಿಸಿ.

ಕನ್ನಡಿಗರಿಗೆ ವಿಶೇಷ ಎಚ್ಚರಿಕೆ: ಕಡತದ ಬಗೆ ಕೇಳಿದಾಗ ಜೇಸನ್ (ಯಂತ್ರಕ್ಕೆ ಓದಲು ಮಾಡಿದ ಬಗೆ) ಬೇಡ, ಎಚ್‌ಟಿಎಂಎಲ್ (ಬ್ರೌಸರಿನಲ್ಲಿ ತೆರೆದು ಓದುವ ಬಗೆ) ತೆಗೆದುಕೊಳ್ಳಿ. ಫೇಸ್‌ಬುಕ್‌ನ ಜೇಸನ್ ಕಡತದಲ್ಲಿ ಯುಟಿಎಫ್-8ರ (ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟುಗಳಾಗಿ ಬರೆದಿಡುವ ಪದ್ಧತಿ) ಒಂದೊಂದು ಬೈಟನ್ನೂ ಒಂದೊಂದು ಲ್ಯಾಟಿನ್ ಅಕ್ಷರವೆಂದು ಬರೆದುಬಿಡುವ ಹಳೆಯ ದೋಷವಿದೆ. ಕನ್ನಡದ ಪ್ರತಿ ಬಿಡಿ ಅಕ್ಷರ, ಇಳಿ, ಕೊಂಬು ಮೂರು ಮೂರು ಬೈಟು. ಹಾಗಾಗಿ ‘ಚಾಕು’ ಎಂಬ ನಾಲ್ಕು ಸಂಕೇತದ ಪದ ಹನ್ನೆರಡು ವಿಚಿತ್ರ ಗುರುತುಗಳಾಗಿ ಬರುತ್ತದೆ. ಆಗಲೇ ಜೇಸನ್ ಇಳಿಸಿಕೊಂಡಿದ್ದರೆ ಅಳಬೇಡಿ, ಮಾಹಿತಿ ಕೆಟ್ಟಿಲ್ಲ: ಪಠ್ಯವನ್ನು ಲ್ಯಾಟಿನ್-1 ಎಂದು ಬೈಟುಗಳಿಗೆ ಇಳಿಸಿ, ಯುಟಿಎಫ್-8 ಎಂದು ಮತ್ತೆ ಓದಿಸಿದರೆ ಕನ್ನಡ ಮರಳುತ್ತದೆ. ಪ್ರೋಗ್ರಾಮಿಂಗ್ ಬಲ್ಲ ಹುಡುಗರಿಗೆ ಐದು ನಿಮಿಷದ ಕೆಲಸ.

ಮುಂದಕ್ಕೆ ಮಾತುಕತೆ ಎಲ್ಲಿ ಬೇಕಾದರೂ ನಡೆಯಲಿ, ಆದರೆ ಉಳಿಯಬೇಕಾದ ಬರಹದ ಮೂಲಪ್ರತಿ ನಿಮ್ಮದೇ ಹೆಸರಿನ ತಾಣದಲ್ಲಿರಲಿ, ಗುಂಪಿನಲ್ಲಿ ಅದರ ಕೊಂಡಿ ಮಾತ್ರ ಬೀಳಲಿ. ಮೂವತ್ತು ಜನ ಸೇರಿ ತಲೆಗೆ ನೂರು ರೂಪಾಯಿ ಹಾಕಿದರೆ ಡೊಮೈನ್ ಹೆಸರು, ಸಣ್ಣ ಹೋಸ್ಟಿಂಗ್ ಎರಡನ್ನೂ ತೂಗಿಸಬಹುದು. ಡೊಮೈನ್ ನವೀಕರಣದ ಮಿಂಚಂಚೆ ಒಬ್ಬರಿಗಷ್ಟೇ ಹೋಗುವಂತೆ ಮಾತ್ರ ಇಡಬೇಡಿ. ತಾಣಗಳು ಸಾಯುವುದು ಹೆಚ್ಚಾಗಿ ಆ ಒಬ್ಬರು ಕೆಲಸ ಬದಲಿಸಿದಾಗ.

ಪ್ರ: ಮಳೆಗಾಲ ಮುಗಿದ ಮೇಲೆ ಟಾರ್ಚು ಬಿಚ್ಚಿದರೆ ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿದೆ. ಎಸೆಯಬೇಕೇ? ಮಲೆನಾಡಿಗೆ ಎಂಥ ಟಾರ್ಚು ಒಳ್ಳೆಯದು?
— ತೀರ್ಥಹಳ್ಳಿ

ಉ: ಎಸೆಯಬೇಡಿ, ಮೊದಲು ಸೆಲ್ಲಿನ ಜಾತಿ ನೋಡಿ. ‘ಆಲ್ಕಲೈನ್’ ಎಂದಿದ್ದರೆ ಸೋರಿದ್ದು ಕ್ಷಾರ. ನಿಂಬೆರಸ ಅಥವಾ ವಿನಿಗರ್‌ನಲ್ಲಿ ಹತ್ತಿಕಡ್ಡಿ ಅದ್ದಿ ಒರೆಸಿ, ನೊರೆ ಬಂದು ನಿಲ್ಲುವವರೆಗೆ. ಅಗ್ಗದ ‘ಹೆವಿ ಡ್ಯೂಟಿ’ ಜಿಂಕ್-ಕಾರ್ಬನ್ ಸೆಲ್ಲಿನದ್ದು ಆಮ್ಲದ ಗುಣದ್ದು. ಅದಕ್ಕೆ ಅಡುಗೆ ಸೋಡಾವನ್ನು ಪೇಸ್ಟಿನಂತೆ ಕಲಸಿ ಹಚ್ಚಬೇಕು. ಅದಲುಬದಲಾದರೆ ಕಲೆ ಬಿಡುವುದಿಲ್ಲ. ಆಮೇಲೆ ಒದ್ದೆ ಬಟ್ಟೆ, ನಂತರ ಒಣ ಬಟ್ಟೆ. ಸ್ಪ್ರಿಂಗು ಮತ್ತು ತಗಡನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹೊಳಪು ತನ್ನಿ. ಕೈಗೆ ಕವಚವಿರಲಿ, ಪುಡಿ ಕಣ್ಣಿಗೆ ಹೋಗದಿರಲಿ.

ಸೋರುವುದಕ್ಕೆ ಸಾಮಾನ್ಯ ಕಾರಣ ಎರಡು. ಹಳೆಯ ಸೆಲ್ಲಿನ ಜೊತೆ ಹೊಸದನ್ನು ಬೆರೆಸುವುದು ಒಂದು. ದುರ್ಬಲವಾದದ್ದು ಸೊನ್ನೆಗಿಂತ ಕೆಳಕ್ಕೆ ಎಳೆಯಲ್ಪಟ್ಟು ಒಳಗೆ ಅನಿಲ ತುಂಬಿ ಸೀಲು ಬಿಡುತ್ತದೆ. ಇನ್ನೊಂದು, ಗುಂಡಿ ಎಲೆಕ್ಟ್ರಾನಿಕ್ ಆಗಿದ್ದರೆ ಆರಿಸಿದಾಗಲೂ ಸಣ್ಣ ಪ್ರಮಾಣದಲ್ಲಿ ಕರೆಂಟು ಹರಿಯುತ್ತಿರುತ್ತದೆ. ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಬಹಳಷ್ಟು ಲೋಹದ ಟಾರ್ಚುಗಳಲ್ಲಿ ಅದು ನಿಲ್ಲುತ್ತದೆ. ಚೀಲದಲ್ಲಿ ತಾನಾಗಿ ಹೊತ್ತಿಕೊಂಡು ಬಟ್ಟೆ ಸುಡುವುದೂ ತಪ್ಪುತ್ತದೆ.

ಕೊಳ್ಳುವುದಿದ್ದರೆ ಒಂದು ಎಎ ಸೆಲ್ಲಿನದ್ದನ್ನೇ ಕೊಳ್ಳಿ, ಅದಕ್ಕೆ ಮರುಚಾರ್ಜಿನ ನಿಕಲ್ ಸೆಲ್ಲು ಹಾಕಿ. ಕರೆಂಟು ಮೂರು ದಿನ ಬಾರದಿದ್ದರೂ ಸೆಲ್ಲು ಪೇಟೆಯ ಯಾವ ಅಂಗಡಿಯಲ್ಲೂ ಸಿಗುತ್ತದೆ. ಬೆಳಕಿನ ಅಳತೆಯಾದ ಲ್ಯೂಮೆನ್ ಸಂಖ್ಯೆಗೆ ಮರುಳಾಗಬೇಡಿ: ಮನೆಯೊಳಗೆ 5 ಸಾಕು, ಅಂಗಳ ದಾಟಿ ಕೊಟ್ಟಿಗೆಗೆ ಹೋಗಲು 50ರಿಂದ 100, ತೋಟದಲ್ಲಿ ದೂರ ನೋಡಲು 300. ನೀರು ತಡೆಯುವ ದರ್ಜೆ ಐಪಿಎಕ್ಸ್7 ಇದ್ದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಾಳುತ್ತದೆ. ಐಪಿಎಕ್ಸ್4 ಎಂದರೆ ಬರೀ ಸಿಂಚನ, ನಿಮ್ಮೂರ ಮಳೆಗೆ ಸಾಲದು. ಮುಚ್ಚಳದ ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿ. ವ್ಯಾಸಲೀನ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ.

18650 ಲಿಥಿಯಂ ಸೆಲ್ಲಿನ ಟಾರ್ಚು ಇಟ್ಟುಕೊಂಡವರಿಗೆ ಒಂದು ಮಾತು. ಆ ಗಾತ್ರದಲ್ಲಿ ಒಳ್ಳೆಯ ಸೆಲ್ಲು ಹಿಡಿಯುವುದು 3,500 ಎಂಎಎಚ್‌ನ ಆಸುಪಾಸು. ‘9,900’ ಎಂದು ಮುದ್ರಿಸಿದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಬಿಡಿ ಸೆಲ್ಲನ್ನು ಕೀಲಿ, ಚಿಲ್ಲರೆಯ ಜೊತೆ ಕಿಸೆಗೆ ಹಾಕಲೇಬೇಡಿ. ಕೀಲಿ ಎರಡು ತುದಿ ಮುಟ್ಟಿದರೆ ತೊಡೆ ಸುಡುತ್ತದೆ.

ಪ್ರ: ಮೂರಿಂಚಿನ ಮಡಚುವ ಚಾಕು ಕಿಸೆಯಲ್ಲಿಟ್ಟುಕೊಳ್ಳುವುದು ಅಪರಾಧವೇ? ಮೆಟ್ರೊದಲ್ಲಿ ಹೋಗುವವನು ನಾನು.
— ಬೆಂಗಳೂರು, ಯಶವಂತಪುರ

ಉ: ಕಾನೂನಿನ ಅಳತೆ ಹೀಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ 2016ರ ನಿಯಮಗಳಲ್ಲಿ ಹರಿತ ಆಯುಧ ಎಂದು ಲೆಕ್ಕಕ್ಕೆ ಬರುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವಂಥದ್ದು. ಮನೆ, ಕೃಷಿ, ಕಾರ್ಖಾನೆಯ ಕೆಲಸಕ್ಕೆಂದೇ ಮಾಡಿದವು ಅದರಿಂದ ಹೊರಗೆ. ನಿಮ್ಮ ಮೂರಿಂಚು ಅದರ ಹತ್ತಿರವೂ ಇಲ್ಲ. ಆದರೆ ಅಷ್ಟು ಗೊತ್ತಿದ್ದರೆ ಸಾಲದು. ಊರಿನಲ್ಲಿ ನಿಷೇಧಾಜ್ಞೆ ಇದ್ದರೆ (ಹಳೆಯ 144ನೇ ಸೆಕ್ಷನ್, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 163) ಆಜ್ಞೆಯಲ್ಲಿ ಬರೆದದ್ದೇ ಲೆಕ್ಕ. ಮೆಟ್ರೊ ತಪಾಸಣೆಯಲ್ಲಿ ಚಾಕು ಬಿಡುವುದಿಲ್ಲ, ಅಳತೆಯ ವಾದ ಅಲ್ಲಿ ನಡೆಯದು. ನ್ಯಾಯಾಲಯ, ಮಾಲ್‌ಗಳಲ್ಲೂ ಹಾಗೇ. ವಿಮಾನಕ್ಕಾದರೆ ಚೆಕ್-ಇನ್ ಪೆಟ್ಟಿಗೆಗೆ.

ದಿನಾ ಮೆಟ್ರೊ ಹತ್ತುವವರು ಚಾಕುವನ್ನು ಕಚೇರಿಯ ಡ್ರಾಯರಿನಲ್ಲಿಟ್ಟು, ಕಿಸೆಯಲ್ಲಿ ಅಲಗಿಲ್ಲದ ಮಲ್ಟಿಟೂಲ್ ಅಥವಾ ಒಂದು ನೇಲ್‌ಕಟರ್ ಇಟ್ಟುಕೊಂಡರೆ ಕೆಲಸ ನಡೆಯುತ್ತದೆ. ಕೊರಿಯರ್ ಡಬ್ಬದ ಟೇಪು ಬಿಡಿಸಲು ಮನೆಯ ಹಳೆಯ ಕೀಲಿಯ ತುದಿ ಸಾಕು. ಕೊಡವರು ಸಾಂಪ್ರದಾಯಿಕ ಉಡುಪಿನ ಜೊತೆ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಗೂ ನಿಮ್ಮ ಕಿಸೆಚಾಕುವಿಗೂ ಹೋಲಿಕೆ ತಂದು ತಪಾಸಣೆಯವರ ಜೊತೆ ವಾದಕ್ಕಿಳಿಯಬೇಡಿ, ಅದರ ಸಂದರ್ಭವೇ ಬೇರೆ.

ಪ್ರ: ಒಂದು ಚಾಕುವಿನ ವಿಡಿಯೊ ನೋಡಿದ್ದೇ ತಡ, ದಿನವಿಡೀ ‘ಡಿ2 ಸ್ಟೀಲ್, ಜೀವಮಾನವಿಡೀ ಬಾಳಿಕೆ’ ಎಂಬ ರೀಲುಗಳೇ ಬರುತ್ತಿವೆ. ನಂಬಬಹುದೇ?
— ಕುಂದಾಪುರ

ಉ: ವಿಡಿಯೊ ಬಿಟ್ಟಿ, ಸರಿ. ನೀವು ಒಂದು ರೀಲಿನ ಮೇಲೆ ಎಷ್ಟು ಸೆಕೆಂಡ್ ನಿಂತಿರಿ ಎಂಬುದೇ ಅಲ್ಲಿನ ನಾಣ್ಯ, ಅದಕ್ಕೇ ಹಾಗೆ ಬೆನ್ನು ಹತ್ತುತ್ತದೆ. ಆ ಅಳತೆಯಲ್ಲಿ ಗೆಲ್ಲುವುದು ಕಾಗದ ಸರ್ರನೆ ಸೀಳುವ ಮೊದಲ ಐದು ಸೆಕೆಂಡು. ಆರು ತಿಂಗಳ ಬಳಕೆಯಲ್ಲಿ ಸ್ಕ್ರೂ ಸಡಿಲಾದದ್ದನ್ನು ತೋರಿಸುವ ವಿಡಿಯೊ ಅಲ್ಲಿ ತಳಕ್ಕೆ ಹೋಗುತ್ತದೆ. ಹಣವನ್ನೋ ಪುಕ್ಕಟೆ ಸಾಮಾನನ್ನೋ ಪಡೆದು ಹೊಗಳಿದ್ದರೆ ಅದನ್ನು ಎದ್ದು ಕಾಣುವಂತೆ ಹೇಳಬೇಕೆಂದು ಗ್ರಾಹಕ ರಕ್ಷಣೆಯ ನಿಯಮವಿದೆ. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ. ‘ಕೊಂಡಿ ಬಯೋದಲ್ಲಿದೆ’ ಎಂದರೆ ಮಾರಾಟದಲ್ಲಿ ಪಾಲಿದೆಯೇ ಎಂದು ಕೇಳಿ.

ಸ್ಟೀಲಿನ ಮಾತಿಗೆ ಬಂದರೆ, ಡಿ2 ಎಂಬುದು ಉಪಕರಣಗಳಿಗೆ ಬಳಸುವ ಗಟ್ಟಿ ಉಕ್ಕು, ಕೆಟ್ಟದ್ದಲ್ಲ. ಆದರೆ ಕುಂದಾಪುರಕ್ಕೆ ತಕ್ಕದ್ದಲ್ಲ. ಅದರಲ್ಲಿ ಕ್ರೋಮಿಯಂ ಸುಮಾರು ಶೇಕಡಾ 12 ಇದೆ, ಆದರೆ ಇಂಗಾಲವೂ ಶೇಕಡಾ ಒಂದೂವರೆ. ಇಂಗಾಲ ಆ ಕ್ರೋಮಿಯಂನ ದೊಡ್ಡ ಪಾಲನ್ನು ಹಿಡಿದು ಗಟ್ಟಿ ಕಣಗಳಾಗಿ ಮಾಡಿಕೊಳ್ಳುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆ. ಉಪ್ಪುಗಾಳಿಯಲ್ಲಿ, ಬೆವರಿನ ಕಿಸೆಯಲ್ಲಿ ವಾರದೊಳಗೆ ಚುಕ್ಕೆ ಏಳಬಹುದು. ಕರಾವಳಿಯವರಿಗೆ ಮೆತ್ತನೆಯ, ಕಡಿಮೆ ಇಂಗಾಲದ ಸ್ಟೇನ್‌ಲೆಸ್ಸೇ ಸರಿ. ಹರಿತ ಬೇಗ ಹೋಗುತ್ತದೆ, ಆದರೆ ಐದು ನಿಮಿಷದಲ್ಲಿ ಮರಳಿ ಬರುತ್ತದೆ. ಸಾಣೆಕಲ್ಲಿಗೆ ಅಲಗನ್ನು 15ರಿಂದ 20 ಡಿಗ್ರಿ ಓರೆಯಲ್ಲಿಟ್ಟು ಎರಡೂ ಕಡೆ ಸಮವಾಗಿ ಎಳೆಯಿರಿ. ನಿಂಬೆ, ಮಾವು ಕತ್ತರಿಸಿದ ಕೂಡಲೇ ತೊಳೆದು ಒರೆಸಿ. ತೆಂಗಿನೆಣ್ಣೆ ಹಚ್ಚಿಟ್ಟರೆ ಕೀಲಿನ ಸಂದಿಯಲ್ಲಿ ಅಂಟಾಗಿ ಕಮಟು ಬರುತ್ತದೆ, ಔಷಧದಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಎರಡು ಹನಿ ಸಾಕು.

ಪ್ರ: ವಾಟ್ಸ್‌ಆ್ಯಪ್ ಪೂರ್ತಿ ಗೂಢಲಿಪಿಯಲ್ಲಿದೆ ಎನ್ನುತ್ತಾರೆ. ಹಾಗಾದರೆ ಕಂಪನಿಗೆ ನನ್ನಿಂದ ಏನು ಸಿಗುತ್ತದೆ? ಗುಂಪಿನ ಮಾತುಗಳನ್ನು ಉಳಿಸಿಕೊಳ್ಳಬಹುದೇ?
— ಶಿವಮೊಗ್ಗ

ಉ: ಬರೆದ ಮಾತು ಅವರಿಗೆ ಕಾಣದು, ನಿಜ. ಯಾರು ಯಾರ ಜೊತೆ, ಎಷ್ಟು ಹೊತ್ತಿಗೆ, ಯಾವ ಫೋನಿನಿಂದ, ಯಾವ ಗುಂಪಿನಲ್ಲಿ ಎಂಬುದು ಕಾಣುತ್ತದೆ. ಅಂಗಡಿಯವರು ಬಳಸುವ ಬಿಸಿನೆಸ್ ಖಾತೆಯ ಜೊತೆ ಮಾತಾಡಿದರೆ ಆ ಕಡೆ ಮಾತನ್ನು ಯಾರು ಓದುತ್ತಾರೆ ಎಂಬುದು ಅಂಗಡಿಯವರಿಗೆ ಬಿಟ್ಟದ್ದು. 2021ರ ಗೌಪ್ಯತಾ ನೀತಿಯನ್ನು ‘ಒಪ್ಪಿ, ಇಲ್ಲವೇ ಬಿಡಿ’ ಎಂಬಂತೆ ಹೇರಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಅದು ಮೇಲ್ಮನವಿಗೂ ಹೋಯಿತು.

ಉಳಿಸಲು ‘ಎಕ್ಸ್‌ಪೋರ್ಟ್ ಚಾಟ್’ ಇದೆ. ಚಿತ್ರ ಸಮೇತವಾದರೆ ಇತ್ತೀಚಿನ 10,000 ಸಂದೇಶ, ಬರೀ ಪಠ್ಯವಾದರೆ 40,000. ಮಾತು ಜಾಸ್ತಿ ಇರುವ ಗುಂಪಾದರೆ ತಿಂಗಳಿಗೊಮ್ಮೆ ಮಾಡದಿದ್ದರೆ ಹಳೆಯದು ಕೈತಪ್ಪುತ್ತದೆ.

ಪ್ರ: ದುಡ್ಡು, ಲೈಸೆನ್ಸು, ಟಿಕೆಟು ಎಲ್ಲ ಫೋನಿನಲ್ಲೇ ಇದೆ, ಪರ್ಸು ಯಾಕೆ ಎಂದು ಮಗ ಕೇಳುತ್ತಾನೆ. ಹುಡುಗ ಹಾಸ್ಟೆಲಿಗೆ ಹೊರಟಿದ್ದಾನೆ. ಏನು ಹೇಳಲಿ?
— ಬೆಳಗಾವಿ

ಉ: ಫೋನು ಕಳೆದುಹೋದ ದಿನದ ಲೆಕ್ಕ ಹೇಳಿ. ಹೊಸ ಸಿಮ್ಮು ತಗೊಂಡ ಮೇಲೆ 24 ಗಂಟೆ ಅದಕ್ಕೆ ಎಸ್‌ಎಂಎಸ್ ಬರುವುದಿಲ್ಲ, ವಂಚಕರಿಗೆ ಕಡಿವಾಣ ಹಾಕಲು ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಅದು. ಒಟಿಪಿ ಇಲ್ಲದೆ ಬ್ಯಾಂಕೂ ಇಲ್ಲ, ಇಮೇಲೂ ಇಲ್ಲ. ಆ ಒಂದು ದಿನ ದಾಟಲು ಕಿಸೆಯಲ್ಲಿ ಇರಬೇಕಾದ್ದು: 500 ರೂಪಾಯಿ ನಗದು, ಅದೂ ಹತ್ತು, ಐವತ್ತು, ನೂರರ ನೋಟುಗಳಲ್ಲಿ, ಒಂದು ಡೆಬಿಟ್ ಕಾರ್ಡು, ಮನೆಯ ಎರಡು ಫೋನ್ ನಂಬರು, ರಕ್ತದ ಗುಂಪು, ಬ್ಯಾಂಕಿನ ಕಾರ್ಡು ತಡೆಯುವ ನಂಬರು ಬರೆದ ಚೀಟಿ. ಇಷ್ಟಕ್ಕೆ ತೆಳ್ಳನೆಯ ಪರ್ಸು ಸಾಕು, ಅದು ಮುಂದಿನ ಕಿಸೆಯಲ್ಲಿರಲಿ. ಆಧಾರ್ ಬೇಕಿದ್ದರೆ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿಯನ್ನೇ ಮುದ್ರಿಸಿಟ್ಟುಕೊಳ್ಳಲಿ.

ಹೊರಡುವ ಮುನ್ನ ಮನೆಯಲ್ಲೇ ಮೂರು ಕೆಲಸ ಮುಗಿಸಲಿ. ಗೂಗಲ್ ಖಾತೆಯ ಬ್ಯಾಕಪ್ ಕೋಡ್ ಹತ್ತು ಬರುತ್ತವೆ, ಎಂಟೆಂಟು ಅಂಕಿಯವು, ಒಂದೊಂದು ಒಂದೇ ಸಲಕ್ಕೆ. ಮುದ್ರಿಸಿ ಒಂದು ಪ್ರತಿ ನಿಮ್ಮ ಬೀರುವಿನಲ್ಲಿ, ಎರಡು ಕೋಡು ಮಾತ್ರ ಅವನ ಪರ್ಸಿನಲ್ಲಿ, ಜೊತೆಗೆ ಇಮೇಲ್ ವಿಳಾಸ ಬರೆಯದೆ. *#06# ಒತ್ತಿದರೆ ಬರುವ ಐಎಂಇಐ ಸಂಖ್ಯೆಯನ್ನು (ಫೋನಿನ ಗುರುತಿನ ಸಂಖ್ಯೆ) ಫೋನಿನ ಬಿಲ್ಲಿನ ಮೇಲೆ ಬರೆದಿಡಿ. ಸಿಮ್‌ಗೆ ಪಿನ್ ಹಾಕಿಸಿ. ಮೊದಲ ಪಿನ್ ಯಾವುದೆಂದು ಕಂಪನಿಯವರನ್ನು ಕೇಳಿಯೇ ಹಾಕಬೇಕು, ಊಹಿಸಬಾರದು. ಮೂರು ಸಲ ತಪ್ಪಿದರೆ ಪಿಯುಕೆ (ಸಿಮ್ ಬೀಗ ತೆರೆಯುವ ಸಂಖ್ಯೆ) ಕೇಳುತ್ತದೆ, ಅದು ಹತ್ತು ಸಲ ತಪ್ಪಿದರೆ ಸಿಮ್ಮೇ ಸತ್ತಂತೆ. ಈ ಪಿನ್ ಇಲ್ಲದಿದ್ದರೆ ಕದ್ದವನು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ನಿಮ್ಮ ಒಟಿಪಿಗಳನ್ನು ಆರಾಮವಾಗಿ ಓದುತ್ತಾನೆ. ಪರದೆಯ ಬೀಗ ಅದನ್ನು ತಡೆಯುವುದಿಲ್ಲ.

ಕಳೆದೇ ಹೋದರೆ ಕ್ರಮ ಹೀಗೆ: ಯಾರದಾದರೂ ಫೋನಿನಿಂದ ಸಿಮ್ ತಡೆಸುವುದು, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸುವುದು, ಪೊಲೀಸ್ ದೂರು, ಹೊಸ ಸಿಮ್, ಕೊನೆಗೆ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿ ಐಎಂಇಐ ತಡೆ. ಹಣ ಹೋಗಿದ್ದರೆ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರ: ಸೀರೆಗೆ, ಚೂಡಿದಾರಿಗೆ ಕಿಸೆಯೇ ಇಲ್ಲ. ನಮ್ಮಂಥವರಿಗೂ ಏನಾದರೂ ಹೇಳಿ.
— ದಾವಣಗೆರೆ

ಉ: ನ್ಯಾಯವಾದ ದೂರು. ಚೂಡಿದಾರವನ್ನು ಹೊಲಿಸುವವರು ದರ್ಜಿಗೆ ಬಲಗಡೆ ಹೊಲಿಗೆಯಲ್ಲಿ ಏಳಿಂಚು ಆಳದ ಕಿಸೆ ಇಡಿ ಎಂದು ಹೇಳಿ. ಬಟ್ಟೆ ಹೆಚ್ಚು ಬೇಡ, ಫೋನು ಹಿಡಿಯುತ್ತದೆ. ಉಳಿದದ್ದಕ್ಕೆ ಅಂಗೈಯಗಲದ ಒಂದು ಜಿಪ್ ಚೀಲ, ಯಾವ ಬ್ಯಾಗು ತಗೊಂಡರೂ ಅದಕ್ಕೆ ವರ್ಗವಾಗುವಂಥದ್ದು: ನಾಲ್ಕು ಸೇಫ್ಟಿ ಪಿನ್ನು, ದಾರ ಪೋಣಿಸಿಟ್ಟ ಸೂಜಿ, ಎರಡು ಪ್ಲಾಸ್ಟರು, ಒಂದು ಪ್ಯಾಡು, ಒಂದು ಸೀಟಿ, ಒಆರ್‌ಎಸ್ ಪೊಟ್ಟಣ. ಪೊಟ್ಟಣ ಒಂದು ಲೀಟರಿಗೋ 200 ಮಿಲಿಲೀಟರಿಗೋ ಎಂದು ಮೇಲೆ ಬರೆದಿರುತ್ತದೆ, ನೋಡಿಯೇ ಕಲಸಿ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಅತಿಯಾಗಿ ಅಪಾಯ. ಎಲೆಯಡಿಕೆ ಸಂಚಿಯಲ್ಲಿ ಅಜ್ಜಿಯರು ಸುಣ್ಣಕ್ಕೊಂದು, ಅಡಿಕೆಗೊಂದು ಎಂದು ಅರೆ ಮಾಡಿಟ್ಟಿರುತ್ತಿದ್ದರಲ್ಲ, ಆ ಜಾಣತನ ಈ ಚೀಲಕ್ಕೂ ಬೇಕು: ಕತ್ತಲಲ್ಲಿ ಕೈಹಾಕಿದರೂ ಸೀಟಿ ಎಲ್ಲಿದೆ ಎಂದು ತಿಳಿಯಬೇಕು.

ಪ್ರ: ಫೇಸ್‌ಬುಕ್‌ನಿಂದ ಇಳಿಸಿದ ಫೋಟೊಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ ಕೀಲಿಗೊಂಚಲಿಗೆ ಕಟ್ಟಿಕೊಂಡಿದ್ದೇನೆ. ಸುರಕ್ಷಿತವಲ್ಲವೇ?
— ಉಡುಪಿ

ಉ: ಅದೊಂದೇ ಪ್ರತಿಯಾಗಿದ್ದರೆ ಅಲ್ಲ. ಪೆನ್‌ಡ್ರೈವಿನಲ್ಲಿ ಮಾಹಿತಿ ನಿಂತಿರುವುದು ಸೂಕ್ಷ್ಮ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಂಶವಾಗಿ. ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ, ಅದೂ ಬಿಸಿಯಲ್ಲಿ, ಅದು ಮೆಲ್ಲಗೆ ಸೋರುತ್ತದೆ. ಕಿಸೆಯ ಬೆವರು, ಕೀಲಿಗಳ ತಿಕ್ಕಾಟ ಬೇರೆ. ಬೀದಿಯಲ್ಲಿ ಬಿದ್ದರೆ ಸಿಕ್ಕವರಿಗೆ ನಿಮ್ಮ ಮನೆಯ ಕೀಲಿ, ಜೊತೆಗೆ ಮನೆಮಂದಿಯ ಫೋಟೊ ಎರಡೂ ಒಟ್ಟಿಗೆ.

ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲಿ ಒಂದು, ಬೀರುವಿನ ಹಾರ್ಡ್‌ಡಿಸ್ಕಿನಲ್ಲಿ ಒಂದು, ಇನ್ನೊಂದು ಊರಿನ ಅಣ್ಣನ ಮನೆಯಲ್ಲೋ ದುಡ್ಡು ಕೊಟ್ಟು ಪಡೆದ ಕ್ಲೌಡಿನಲ್ಲೋ. ಗೊಂಚಲಿನ ಪೆನ್‌ಡ್ರೈವಿಗೆ ವೆರಾಕ್ರಿಪ್ಟ್‌ನಂಥ ತಂತ್ರಾಂಶದಿಂದ ಬೀಗ ಹಾಕಿ, ಬೇಕಾದ ನಾಲ್ಕು ಕಾಗದಪತ್ರಗಳಿಗಷ್ಟೇ ಬಳಸಿ. ಆರು ತಿಂಗಳಿಗೊಮ್ಮೆ ಮೂರೂ ಪ್ರತಿಯಿಂದ ಯಾವುದಾದರೂ ಹತ್ತು ಚಿತ್ರ ತೆರೆದು ನೋಡಿ. ಸಣ್ಣ ಚಿತ್ರಗಳ ಸಾಲು ಕಂಡಿತು ಎಂದು ಮುಚ್ಚಬೇಡಿ, ಒಂದೊಂದನ್ನೂ ಪರದೆ ತುಂಬ ತೆರೆಯಿರಿ. ಕೆಟ್ಟ ಕಡತ ಅರ್ಧ ಚಿತ್ರವಾಗಿ, ಕೆಳಗೆ ಬೂದುಬಣ್ಣದ ಪಟ್ಟಿಯಾಗಿ ಕಾಣುವುದು ಆಗಲೇ.